ಬಣ್ಣದ ಡಬ್ಬಿ ತರೋ ಮುಂಚೆ ಗೋಡೆಯನ್ನು ಒಮ್ಮೆ ಸರಿಯಾಗಿ ನೋಡಿ

ನಮ್ಮ ಮನೆಯಲ್ಲಿ ಬಚ್ಚಲಿಗೆ ಅಂಟಿಕೊಂಡ ಒಂದು ಗೋಡೆ ಇದೆ. ಅದಕ್ಕೆ ಎರಡೂವರೆ ವರ್ಷದಲ್ಲಿ ಮೂರು ಸಲ ಬಣ್ಣ ಹೊಡೆದಿದ್ದೇನೆ. ಮೊದಲ ಸಲ ಸಾಧಾರಣ ಎಮಲ್ಷನ್, ಅಂದರೆ ನೀರಿನಲ್ಲಿ ಕಲೆಸುವ ಬಣ್ಣ. ಆರು ತಿಂಗಳಲ್ಲಿ ಗುಳ್ಳೆ ಎದ್ದಿತು. ಎರಡನೇ ಸಲ ಅದಕ್ಕಿಂತ ದುಬಾರಿ ಡಬ್ಬಿ ತಂದೆ, ಅದೂ ಗುಳ್ಳೆ ಎದ್ದಿತು, ಗುಳ್ಳೆ ಸ್ವಲ್ಪ ಹೊಳೆಯುತ್ತಿತ್ತು ಅಷ್ಟೇ ವ್ಯತ್ಯಾಸ. ಮೂರನೇ ಸಲ ಅಂಗಡಿಗೆ ಹೋಗೋ ಬದಲು ಗೋಡೆಯ ಆಚೆ ಬದಿಗೆ ಹೋಗಿ ನೋಡಿದೆ. ಟೈಲ್ಸ್ ಸಂದಿನ ಗ್ರೌಟ್ ಉದುರಿಹೋಗಿ ನೀರು ಒಳಗೆ ಇಳಿಯುತ್ತಿತ್ತು. ಸಂದು ತುಂಬಿಸಿ, ಗೋಡೆ ಒಣಗಲಿ ಎಂದು ಎರಡು ತಿಂಗಳು ಹಾಗೇ ಬಿಟ್ಟು, ಆಮೇಲೆ ಮೊದಲು ತಂದಿದ್ದ ಅದೇ ಸಾಧಾರಣ ಎಮಲ್ಷನ್ ಹೊಡೆದೆ. ಇವತ್ತಿಗೂ ಅದು ಗಟ್ಟಿಯಾಗಿ ಕೂತಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಬಣ್ಣ ಆರಿಸೋದು ಅಂದಕೂಡಲೇ ನಾವೆಲ್ಲ ಶೇಡ್ ಕಾರ್ಡ್ ಹಿಡಿದು ಕೂರುತ್ತೇವೆ. ಅದು ಕೊನೆಯ ಕೆಲಸ. ಮೊದಲು ನೋಡಬೇಕಾದ್ದು ಅಡಿಯಲ್ಲಿ ಏನಿದೆ ಅನ್ನೋದು: ಹೊಸ ಗಾರೆಯೋ, ಹಳೇ ಆಯಿಲ್ ಪೇಂಟೋ, ಕಬ್ಬಿಣವೋ, ಮರವೋ, ಒದ್ದೆಯೋ, ಒಣಗಿದೆಯೋ. ಅದು ಗೊತ್ತಾದರೆ ಯಾವ ಪ್ರೈಮರ್ (ಬಣ್ಣಕ್ಕಿಂತ ಮೊದಲು ಬಳಿಯುವ ಅಡಿಪದರ), ಯಾವ ಬಣ್ಣ ಅನ್ನೋದು ಹೆಚ್ಚುಕಡಿಮೆ ತಾನಾಗೇ ತೀರ್ಮಾನವಾಗುತ್ತದೆ.

ಡಬ್ಬಿಯೊಳಗೆ ಇರೋದೇನು

ಇದನ್ನು ಬೇಗ ಮುಗಿಸೋಣ, ಆದರೆ ಬಿಡೋ ಹಾಗಿಲ್ಲ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಯಾವ ಬಣ್ಣದಲ್ಲೇ ಆಗಲಿ ಮುಖ್ಯವಾಗಿ ಮೂರು ವಸ್ತು ಇರುತ್ತವೆ. ಬಣ್ಣ ಕೊಡುವ ಮತ್ತು ಅಡಿಯದನ್ನು ಮುಚ್ಚುವ ಪುಡಿ, ಅಂದರೆ ಪಿಗ್ಮೆಂಟ್. ಆ ಪುಡಿಯನ್ನು ಗೋಡೆಗೆ ಹಿಡಿದಿಡುವ ಅಂಟು, ಅಂದರೆ ಬೈಂಡರ್. ಇವೆರಡನ್ನೂ ಬಳಿಯೋಕೆ ಆಗುವಷ್ಟು ತೆಳ್ಳಗೆ ಇಡುವ ನೀರು ಅಥವಾ ಟರ್ಪೆಂಟೈನ್. ಒಣಗಿದ ಮೇಲೆ ನೀರು ಅಥವಾ ಟರ್ಪೆಂಟೈನ್ ಹಾರಿಹೋಗುತ್ತದೆ, ಗೋಡೆಯಲ್ಲಿ ಉಳಿಯೋದು ಪುಡಿ ಮತ್ತು ಅಂಟು ಮಾತ್ರ.

ಅಂಟು ಜಾಸ್ತಿ ಇದ್ದರೆ ಮೇಲ್ಮೈ ನುಣುಪಾಗಿ ಹೊಳೆಯುತ್ತದೆ, ಒರೆಸಿದರೆ ತಡೆಯುತ್ತದೆ. ಪುಡಿ ಜಾಸ್ತಿ, ಅಂಟು ಕಮ್ಮಿ ಇದ್ದರೆ ಹೊಳಪಿಲ್ಲದ ಮ್ಯಾಟ್ ಆಗುತ್ತದೆ, ಗೋಡೆಯ ಉಬ್ಬುತಗ್ಗು ಮುಚ್ಚಿಹೋಗುತ್ತದೆ, ಆದರೆ ಉಜ್ಜಿದರೆ ಸವೆಯುತ್ತದೆ. ಅಗ್ಗದ ಡಿಸ್ಟೆಂಪರ್ ಕೈಗೆ ಹತ್ತೋದು ಯಾಕೆ ಅಂದರೆ ಅದರಲ್ಲಿ ಪುಡಿಗೆ ತಕ್ಕಷ್ಟು ಅಂಟು ಇರೋದಿಲ್ಲ. ಎಮಲ್ಷನ್ನಿನಲ್ಲಿ ಅಕ್ರಿಲಿಕ್ ಅಥವಾ ವಿನೈಲ್ ಜಾತಿಯ ಅಂಟು ಇರುತ್ತದೆ, ತೆಳ್ಳಗೆ ಮಾಡೋದು ನೀರಿನಲ್ಲಿ. ಎನಾಮೆಲ್, ಅಂದರೆ ನಾವು ಆಯಿಲ್ ಪೇಂಟ್ ಅನ್ನೋದು, ಎಣ್ಣೆಯಿಂದ ಮಾಡಿದ ಆಲ್ಕಿಡ್ ಅಂಟಿನದು. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ, ಹಾಗಾಗಿ ನಿಧಾನ.

ಗೋಡೆಗೆ ಐದು ನಿಮಿಷದ ತಪಾಸಣೆ

ಇದಕ್ಕೆ ಬೇಕಾದ ಸಾಮಾನು ಎಲ್ಲರ ಮನೆಯಲ್ಲೂ ಇರುತ್ತದೆ.

ಮೊದಲು ಅಂಗೈಯಿಂದ ಗೋಡೆ ಒರೆಸಿ. ಸೀಮೆಸುಣ್ಣದ ಹಾಗೆ ಬಿಳಿಪುಡಿ ಕೈಗೆ ಹತ್ತಿದರೆ ಆ ಪದರ ಸತ್ತಿದೆ ಎಂದೇ ಲೆಕ್ಕ. ಅದರ ಮೇಲೆ ಎಷ್ಟು ಒಳ್ಳೆ ಬಣ್ಣ ಬಳಿದರೂ ಅದು ಗೋಡೆಯನ್ನು ಹಿಡಿಯೋದಿಲ್ಲ, ಆ ಪುಡಿಯನ್ನು ಹಿಡಿಯುತ್ತದೆ, ಪುಡಿ ಬಿದ್ದಾಗ ತಾನೂ ಬೀಳುತ್ತದೆ. ಕೆರೆದು, ತೊಳೆದು ತೆಗೆಯಬೇಕು.

ಆಮೇಲೆ ಒಂದೆರಡು ಹನಿ ನೀರು ಚಿಮುಕಿಸಿ. ತಕ್ಷಣ ಹೀರಿಕೊಂಡರೆ ಗೋಡೆಗೆ ಬಾಯಾರಿದೆ, ಪ್ರೈಮರ್ ಇಲ್ಲದೆ ಹೊಡೆದರೆ ಬಣ್ಣದ ಅಂಟನ್ನೆಲ್ಲ ಕುಡಿದು ಪುಡಿಯನ್ನು ಮೇಲೆ ಬಿಡುತ್ತದೆ. ಹನಿ ಮಣಿಯ ಹಾಗೆ ನಿಂತರೆ ಮೇಲೆ ಎಣ್ಣೆಜಿಡ್ಡು ಇದೆ ಅಥವಾ ಹೊಳಪಿನ ಪೇಂಟ್ ಇದೆ, ಅದನ್ನು ತೊಳೆದು ಉಜ್ಜದೆ ಮುಂದಕ್ಕೆ ಹೋಗಬಾರದು.

ಮೂರನೆಯದು ಟೇಪ್. ಬ್ಲೇಡಿನಿಂದ ಹಳೇ ಬಣ್ಣದ ಮೇಲೆ ಅಡ್ಡ ಐದಾರು ಗೆರೆ, ಉದ್ದ ಐದಾರು ಗೆರೆ ಎಳೆದು, ಗಟ್ಟಿ ಟೇಪ್ ಅಂಟಿಸಿ ಜಗ್ಗಿ ಎಳೆಯಿರಿ. ಚೌಕಚೌಕವಾಗಿ ಬಣ್ಣ ಟೇಪಿಗೆ ಬಂದುಬಿಟ್ಟರೆ ಹಳೇ ಪದರ ಕೆರೆಯಲೇಬೇಕು. ಈ ಪರೀಕ್ಷೆಯನ್ನು ಗೋಡೆಯ ಕೆಳಭಾಗದಲ್ಲಿ, ಕಿಟಕಿಯ ಅಡಿಯಲ್ಲಿ, ಮೂಲೆಯಲ್ಲಿ ಮಾಡಿ. ಗೋಡೆಯ ನಡುಭಾಗ ಯಾವಾಗಲೂ ಚೆನ್ನಾಗೇ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ.

ಹಳೇ ಬಣ್ಣ ಎಣ್ಣೆಯದೋ ನೀರಿನದೋ ಗೊತ್ತಾಗದಿದ್ದರೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದು ಕಡೆ ಚೆನ್ನಾಗಿ ಉಜ್ಜಿ. ಬಣ್ಣ ಮೆತ್ತಗಾಗಿ ಹತ್ತಿಗೆ ಹತ್ತಿದರೆ ನೀರಿನದು. ಏನೂ ಆಗದಿದ್ದರೆ ಎಣ್ಣೆಯದು.

ಕೊನೆಗೆ, ಒದ್ದೆ ಇರಬಹುದು ಅನ್ನೋ ಅನುಮಾನ ಇದ್ದರೆ, ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಕಡೇಪಕ್ಷ 16 ಗಂಟೆ ಬಿಡಿ. ಬಿಚ್ಚಿದಾಗ ಹಾಳೆಯ ಒಳಮೈ ಬೆವರಿದ್ದರೆ ಅಥವಾ ಅಲ್ಲಿ ಗೋಡೆ ಕಪ್ಪಗಾಗಿದ್ದರೆ ನೀರು ಗೋಡೆಯೊಳಗಿದೆ. ಇದೊಂದನ್ನು ನಾನು ಮೊದಲೇ ಮಾಡಿದ್ದರೆ ಎರಡು ಸಲದ ಬಣ್ಣ ಉಳಿಯುತ್ತಿತ್ತು.

ತೇವ, ಉಪ್ಪು, ಬೂಷ್ಟು

ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ತೇವದ ಗೋಡೆಗೆ ಬಣ್ಣ ಹೊಡೆಯೋದು ಅದೇ. ತೇವ ತಡೆಯುವ ಕೋಟಿಂಗ್ ಅಂತ ಮಾರುವುದನ್ನು ಒಳಗಡೆಯಿಂದ ಬಳಿದರೆ ನೀರು ನಿಲ್ಲೋದಿಲ್ಲ, ಬೇರೆ ದಾರಿ ಹುಡುಕುತ್ತದೆ. ಸ್ವಲ್ಪ ದಿನಕ್ಕೆ ಅದೇ ಗೋಡೆಯ ಒಂದು ಅಡಿ ಮೇಲೆ ಕಲೆ ಕಾಣುತ್ತದೆ. ನೀರು ಎಲ್ಲಿಂದ ಬರುತ್ತಿದೆಯೋ ಅಲ್ಲೇ ನಿಲ್ಲಿಸಬೇಕು: ತಾರಸಿಯ ಬಿರುಕು, ಒಡೆದ ಪೈಪು, ಕಿಟಕಿಯ ಚೌಕಟ್ಟಿನ ಸಂದು, ಗೋಡೆಗೆ ತಾಗಿ ರಾಶಿ ಬಿದ್ದ ಮಣ್ಣು. ಮೇಲ್ಗಡೆ ಒದ್ದೆ ಇದ್ದರೆ ತಾರಸಿ ಅಥವಾ ಪೈಪು ನೋಡಿ. ನೆಲದಿಂದ ಮೂರಡಿಯವರೆಗೆ ಸಾಲಾಗಿ ಒದ್ದೆ ಇದ್ದರೆ ನೀರು ಅಡಿಪಾಯದಿಂದ ಏರುತ್ತಿದೆ, ಅದು ಪೇಂಟರ್ ಕೈಯಲ್ಲಿ ಆಗುವ ಕೆಲಸ ಅಲ್ಲ.

ಗೋಡೆಯ ಮೇಲೆ ಬಿಳೀ ಹತ್ತಿಯ ಹಾಗೆ ಏಳುವುದು ಉಪ್ಪು. ನೀರು ಗಾರೆಯೊಳಗಿನ ಉಪ್ಪನ್ನು ಕರಗಿಸಿ ಹೊರಗೆ ತರುತ್ತದೆ, ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಇದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ಉದುರಿಸಿ, ಕೆಲವು ದಿನ ಬಿಟ್ಟು ಮತ್ತೆ ಬರುತ್ತದೆಯೇ ನೋಡಿ. ಬರೋದು ನಿಂತ ಮೇಲೆ ಬಣ್ಣ.

ಕಪ್ಪುಚುಕ್ಕೆಯ ಬೂಷ್ಟಿಗೆ ಒಂದು ಪಾಲು ಬ್ಲೀಚಿಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು, ತೊಳೆದು, ಪೂರ್ತಿ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ. ಬ್ಲೀಚಿಗೆ ಆಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರ್ ಯಾವ ಕಾರಣಕ್ಕೂ ಬೆರೆಸಬೇಡಿ, ಹೊರಡುವ ಗಾಳಿ ವಿಷ. ಬೂಷ್ಟಿನ ಮೇಲೇ ಬಣ್ಣ ಹೊಡೆದರೆ ಅದು ಬಣ್ಣವನ್ನು ತೂರಿಕೊಂಡು ಹೊರಗೆ ಬರುತ್ತದೆ.

ಹೊಸ ಗೋಡೆಗೆ ಆತುರ ಬೇಡ

ಹೊಸ ಸಿಮೆಂಟ್ ಗಾರೆ ಬಹಳ ಕ್ಷಾರ. ಅದರ ಪಿಎಚ್ 12ರಿಂದ 13ರಷ್ಟು ಇರುತ್ತದೆ. ಇದರ ಮೇಲೆ ನೇರವಾಗಿ ಆಯಿಲ್ ಪೇಂಟ್ ಹೊಡೆದರೆ ಏನಾಗುತ್ತದೆ ಗೊತ್ತಾ? ಎಣ್ಣೆ ಮತ್ತು ಕ್ಷಾರ ಸೇರಿದರೆ ಸಾಬೂನು. ಸಾಬೂನು ಮಾಡುವ ವಿಧಾನವೇ ಅದು. ಗೋಡೆಯ ಮೇಲೆ ಬಣ್ಣ ಜಿಗುಟಾಗಿ, ಮೆತ್ತಗಾಗಿ, ಹಾಳೆಹಾಳೆಯಾಗಿ ಸುಲಿದು ಬರುತ್ತದೆ. ಹಾಗಾಗಿ ಗಾರೆ ಮುಗಿದ ಮೇಲೆ ಕಡೇಪಕ್ಷ 28 ದಿನ ಬಿಡಬೇಕು, ಹವೆ ತಂಪಾಗಿದ್ದರೆ, ಮಳೆ ಇದ್ದರೆ ಇನ್ನೂ ಜಾಸ್ತಿ. ಆಮೇಲೂ ಕ್ಷಾರ ತಡೆಯುವ ಅಕ್ರಿಲಿಕ್ ಪ್ರೈಮರ್ ಹಾಕಿ, ಮೇಲೆ ನೀರಿನ ಬಣ್ಣವನ್ನೇ ಬಳಿಯೋದು ಒಳ್ಳೆಯದು.

ಗೃಹಪ್ರವೇಶದ ದಿನಾಂಕ ಗೊತ್ತಾಗಿಬಿಟ್ಟಿದೆ, ಗಾರೆ ಇನ್ನೂ ಹಸಿ ಇದೆ ಅನ್ನೋ ಪರಿಸ್ಥಿತಿ ಎಲ್ಲರಿಗೂ ಬರುತ್ತದೆ. ಆಗ ಪ್ರೈಮರ್ ಒಂದನ್ನೇ ಅಥವಾ ಒಂದು ಕೈ ಸುಣ್ಣ ಹೊಡೆದು ಹಾಗೇ ಬಿಡಿ. ಬಣ್ಣ ಆರು ತಿಂಗಳ ನಂತರ ಹೊಡೆಯಬಹುದು, ಯಾರೂ ಏನೂ ಅನ್ನೋದಿಲ್ಲ. ಸುಣ್ಣ ಬಡವರ ಬಣ್ಣ ಅನ್ನೋ ಮಾತು ನನಗೆ ಸರಿ ಅನಿಸೋದಿಲ್ಲ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದಕಲ್ಲೇ ಆಗುತ್ತದೆ, ಗೋಡೆಯೊಳಗಿನ ತೇವ ಹೊರಗೆ ಹೋಗೋಕೆ ಬಿಡುತ್ತದೆ. ಸುಣ್ಣದ ಗಾರೆಯ ಹಳೇ ಮನೆಗಳಿಗೆ ದಪ್ಪ ಪ್ಲಾಸ್ಟಿಕ್ಕಿನಂಥ ಎಮಲ್ಷನ್ ಹೊಡೆದು ಗೋಡೆಯ ಉಸಿರು ಕಟ್ಟಿಸೋದಕ್ಕಿಂತ ಸುಣ್ಣವೇ ಮೇಲು. ಆದರೆ ಒಂದು ತೊಂದರೆ, ಸುಣ್ಣದ ಮೇಲೆ ಮುಂದೆ ಎಮಲ್ಷನ್ ಹೊಡೆಯಬೇಕಾದರೆ ಸಡಿಲ ಇದ್ದದ್ದನ್ನೆಲ್ಲ ಕೆರೆಯಬೇಕಾಗುತ್ತದೆ.

ಪುಟ್ಟಿ

ಪುಟ್ಟಿ ಗೋಡೆಯ ತಗ್ಗು ತುಂಬೋಕೆ ಇರೋದು, ಗೋಡೆಗೆ ಇನ್ನೊಂದು ಗೋಡೆ ಕಟ್ಟೋಕೆ ಅಲ್ಲ. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿಗಿಂತ ದಪ್ಪ ಬೇಡ, ಎಲ್ಲ ಸೇರಿ 3 ಮಿಲಿಮೀಟರ್ ದಾಟಬಾರದು. ಅದಕ್ಕಿಂತ ಆಳದ ಗುಂಡಿ ಇದ್ದರೆ ಅಲ್ಲಿಗೆ ಗಾರೆಯೇ ಬೇಕು.

ಎರಡು ಜಾತಿ ಇದೆ. ಬಿಳಿ ಸಿಮೆಂಟಿನ ಪುಟ್ಟಿ ಪುಡಿಯಾಗಿ ಬರುತ್ತದೆ, ನೀರಿನಲ್ಲಿ ಕಲೆಸಿ, ಗೋಡೆಯನ್ನು ಸ್ವಲ್ಪ ಒದ್ದೆ ಮಾಡಿ ಹಚ್ಚಬೇಕು. ತೇವವನ್ನು ತಾಳಿಕೊಳ್ಳುತ್ತದೆ, ಹೊರಗೂ ಬಳಸಬಹುದು. ಅಕ್ರಿಲಿಕ್ ಪುಟ್ಟಿ ಕಲೆಸಿದ್ದೇ ಡಬ್ಬಿಯಲ್ಲಿ ಸಿಗುತ್ತದೆ, ಹಚ್ಚೋಕೆ ಉಜ್ಜೋಕೆ ಸುಲಭ, ಆದರೆ ಒಣಗಿದ ಒಳಗೋಡೆಗೆ ಮಾತ್ರ. ಅಕ್ರಿಲಿಕ್ ಪುಟ್ಟಿಯ ಅಡಿಗೂ ಮೇಲೂ ಪ್ರೈಮರ್ ಬೇಕು. ಸಿಮೆಂಟ್ ಪುಟ್ಟಿಯನ್ನು ಗಾರೆಯ ಮೇಲೆ ನೇರವಾಗಿ ಹಚ್ಚಿ, ಮೇಲೆ ಪ್ರೈಮರ್ ಕೊಡಬಹುದು. ಒಣಗಿದ ಮೇಲೆ 180 ಅಥವಾ 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ. ಉಜ್ಜಿದ ಮೇಲೆ ಧೂಳು ಒರೆಸದೆ ಪ್ರೈಮರ್ ಹೊಡೆಯೋದು ಬಹಳ ಕಡೆ ನಡೆಯುವ ತಪ್ಪು. ಧೂಳು ಇದ್ದರೆ ಮತ್ತೆ ಅದೇ ಸೀಮೆಸುಣ್ಣದ ಕಥೆ.

ಬಿರುಕಿನ ಬಗ್ಗೆ ಎರಡೇ ಮಾತು. ಕೂದಲಿನಷ್ಟು ಸಣ್ಣದಾದರೆ ಪುಟ್ಟಿ ಸಾಕು. ಸ್ವಲ್ಪ ದೊಡ್ಡದಾದರೆ ಮೊನೆಯಿಂದ ಕೆರೆದು ಅಗಲ ಮಾಡಿ, ಕ್ರ್ಯಾಕ್ ಫಿಲ್ಲರ್ ತುಂಬಿ. ಕಿಟಕಿ ಚೌಕಟ್ಟು ಮತ್ತು ಗೋಡೆ ಸೇರುವ ಜಾಗದಲ್ಲಿ ಬಿರುಕು ಬಿಸಿಲು ಚಳಿಗೆ ಬಾಯಿ ಬಿಟ್ಟು ಮುಚ್ಚುತ್ತಿರುತ್ತದೆ, ಅಲ್ಲಿಗೆ ಎಳೆದರೆ ಹಿಗ್ಗುವ ಅಕ್ರಿಲಿಕ್ ಸೀಲೆಂಟ್ ಬೇಕು. ಸಿಲಿಕೋನ್ ಹಾಕಿಬಿಟ್ಟರೆ ಅದರ ಮೇಲೆ ಬಣ್ಣ ನಿಲ್ಲೋದಿಲ್ಲ.

ಪ್ರೈಮರ್ ಬಿಟ್ಟು ಉಳಿಸುವುದು ಉಳಿತಾಯ ಅಲ್ಲ

ಪ್ರೈಮರ್ ಅಂದರೆ ತೆಳ್ಳಗಿನ ಬಿಳಿ ಬಣ್ಣ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದರ ಕೆಲಸ ಬೇರೆ. ಗೋಡೆಯ ಹೀರುವ ಗುಣವನ್ನು ಎಲ್ಲ ಕಡೆ ಒಂದೇ ಸಮ ಮಾಡೋದು, ಮೇಲಿನ ಬಣ್ಣಕ್ಕೆ ಹಿಡಿತ ಕೊಡೋದು, ಅಡಿಯ ಕಲೆ, ಕ್ಷಾರ, ತುಕ್ಕು ಮೇಲೆ ಬಾರದಂತೆ ತಡೆಯೋದು. ಒಂದೇ ಪ್ರೈಮರ್ ಇವೆಲ್ಲವನ್ನೂ ಮಾಡೋದಿಲ್ಲ, ಅದಕ್ಕೇ ಇಷ್ಟು ಜಾತಿ. ಗಾರೆಗೆ ಕ್ಷಾರ ತಡೆಯುವಂಥದು, ಮರಕ್ಕೆ ಮರದ್ದು, ಕಬ್ಬಿಣಕ್ಕೆ ತುಕ್ಕಿನದು, ಟೈಲ್ಸ್, ಗಾಜು, ಹೊಳೆಯುವ ಹಳೇ ಆಯಿಲ್ ಪೇಂಟಿಗೆ ಬಾಂಡಿಂಗ್ ಪ್ರೈಮರ್. ನೀರಿನ ಕಲೆ, ಹೊಗೆಯ ಕಲೆ ಇದ್ದರೆ ಸಾಧಾರಣ ಪ್ರೈಮರ್ ಮೂರು ಕೈ ಹೊಡೆದರೂ ಹಳದಿ ಹಾಗೇ ಮೇಲಕ್ಕೆ ಬರುತ್ತದೆ. ಕಲೆಯ ಬಣ್ಣ ನೀರಿನಲ್ಲಿ ಕರಗುತ್ತದೆ, ಪ್ರೈಮರಿನಲ್ಲಿ ಇರೋದೂ ನೀರೇ. ಅಲ್ಲಿ ಶೆಲ್ಲಾಕ್ (ಅರಗಿನ ವಾರ್ನಿಷ್) ಅಥವಾ ಎಣ್ಣೆಯಿಂದ ಮಾಡಿದ, ಕಲೆ ತಡೆಯುವ ಪ್ರೈಮರ್ ಒಂದು ಕೈ ಸಾಕು.

ಬಣ್ಣ ಪ್ರೈಮರ್ ಎರಡೂ ಒಂದರಲ್ಲೇ ಅಂತ ಬರುವ ಡಬ್ಬಿಗಳ ಬಗ್ಗೆ ನನ್ನ ಅಭಿಪ್ರಾಯ: ಹಳೇ ಎಮಲ್ಷನ್ ಗಟ್ಟಿಯಾಗಿದ್ದು, ಅದೇ ಜಾತಿಯ ಬಣ್ಣವನ್ನು ಮತ್ತೆ ಹೊಡೆಯೋದಾದರೆ ಪರವಾಗಿಲ್ಲ. ಆದರೆ ಅಂಥ ಗೋಡೆಗೆ ಮೊದಲೇ ಪ್ರೈಮರ್ ಬೇಕಿರಲಿಲ್ಲ, ಅಲ್ವಾ? ಹೊಸ ಗಾರೆಗೆ, ಬರೀ ಮರಕ್ಕೆ, ಕಬ್ಬಿಣಕ್ಕೆ ಅದು ಸಾಲೋದಿಲ್ಲ.

ಒಳಗೋಡೆ, ಹೊರಗೋಡೆ

ಒಳಗೆ ಎಮಲ್ಷನ್. ಅದರಲ್ಲಿ ಹೊಳಪು ಆರಿಸೋದೇ ಮುಖ್ಯ. ಚಾವಣಿಗೆ ಮ್ಯಾಟ್, ಎರಡು ಮಾತಿಲ್ಲ, ಅಲ್ಲಿ ಯಾರೂ ಕೈ ಇಡೋದಿಲ್ಲ, ಹೊಳಪಿದ್ದರೆ ದೀಪದ ಬೆಳಕಿಗೆ ಒಂದೊಂದು ಉಬ್ಬೂ ಎದ್ದು ಕಾಣುತ್ತದೆ. ಮಲಗುವ ಕೋಣೆಗೂ ಮ್ಯಾಟ್ ಆಗುತ್ತದೆ. ಮಕ್ಕಳ ಕೋಣೆ, ಓಡಾಡುವ ಜಾಗ, ಸ್ವಿಚ್ಚಿನ ಸುತ್ತ, ಅಡುಗೆಮನೆಗೆ ಸ್ಯಾಟಿನ್ ಅಥವಾ ಸ್ವಲ್ಪ ಹೊಳಪಿನದು ಇರಲಿ, ಒರೆಸಿದರೆ ಹೋಗುತ್ತದೆ. ಗೋಡೆ ಸಮ ಇಲ್ಲದಿದ್ದರೆ ಹೊಳಪಿನ ಆಸೆ ಬಿಡಿ. ಹೊಳಪು ಕನ್ನಡಿ ಇದ್ದ ಹಾಗೆ, ಪುಟ್ಟಿ ಹಚ್ಚಿದವರ ಕೈಚಳಕ ಅಲ್ಲಿ ಬಯಲಾಗುತ್ತದೆ.

ಹೊರಗೋಡೆಗೆ ಒಳಗಿನ ಬಣ್ಣ ಉಳಿದಿದೆ ಎಂದು ಹೊಡೆಯಬೇಡಿ. ಹೊರಗಿನ ಬಣ್ಣದಲ್ಲಿ ಬಿಸಿಲು ತಡೆಯುವ ಅಕ್ರಿಲಿಕ್ ಅಂಟು ಇರುತ್ತದೆ, ಪಾಚಿ ಬೂಷ್ಟು ತಡೆಯುವ ಔಷಧಿ ಸೇರಿಸಿರುತ್ತಾರೆ. ಆ ಔಷಧಿಯ ಕಾರಣಕ್ಕೇ ಹೊರಗಿನ ಬಣ್ಣವನ್ನು ಒಳಗೂ ಬಳಸಬಾರದು. ಒಳಗಿನ ಅಗ್ಗದ ವಿನೈಲ್ ಅಂಟು ತೇವ ಮತ್ತು ಕ್ಷಾರ ಎರಡೂ ಸೇರಿದರೆ ಒಡೆದುಹೋಗುತ್ತದೆ. ಕೂದಲಿನಂಥ ಬಿರುಕು ತುಂಬ ಇರುವ ಹೊರಗೋಡೆಗೆ ರಬ್ಬರಿನ ಹಾಗೆ ಹಿಗ್ಗುವ ಎಲಾಸ್ಟೊಮೆರಿಕ್ ಕೋಟಿಂಗ್ ಒಳ್ಳೆಯದು, ಆದರೆ ಅದನ್ನು ದಪ್ಪ ಹೊಡೆದರೆ ಮಾತ್ರ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ದುಬಾರಿ ಎಮಲ್ಷನ್ ಹೊಡೆದಂತೆ ಆಗುತ್ತದೆ ಅಷ್ಟೇ.

ಬಿಸಿಲು ಬೀಳುವ ಗೋಡೆಗೆ ಕಡು ಕೆಂಪು, ಕಡು ಹಳದಿ ಬೇಗ ಮಾಸುತ್ತವೆ. ಕಾವಿ, ಮಣ್ಣಿನ ಕಂದು, ಮಾಸಲು ಹಳದಿ ಇವೆಲ್ಲ ಕಬ್ಬಿಣದ ಆಕ್ಸೈಡಿನ ಬಣ್ಣ. ಕಲ್ಲಿನಲ್ಲಿ ಇದ್ದದ್ದೇ ಅವು, ಬಿಸಿಲಿಗೆ ಹೆದರೋದಿಲ್ಲ.

ಕಬ್ಬಿಣ, ಜಿಐ, ಅಲ್ಯೂಮಿನಿಯಂ

ಕಬ್ಬಿಣಕ್ಕೆ ತಂತಿ ಬ್ರಷ್ಷಿನಿಂದ ಸಡಿಲ ತುಕ್ಕನ್ನೆಲ್ಲ ಉದುರಿಸಿ, ಉಪ್ಪುಕಾಗದ ಹಾಕಿ, ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ನಾಳೆ ಹೊಡೆಯೋಣ ಅಂದರೆ ರಾತ್ರಿಯ ಇಬ್ಬನಿಗೆ ಮತ್ತೆ ತುಕ್ಕಿನ ತೆಳು ಪದರ ಬಂದಿರುತ್ತದೆ. ರೆಡ್ ಆಕ್ಸೈಡ್ ಎಲ್ಲರಿಗೂ ಗೊತ್ತಿರುವ ಪ್ರೈಮರ್, ಒಳಗಿನ ಗ್ರಿಲ್ಲಿಗೆ ಸಾಕು. ಆದರೆ ಅದು ಮುಚ್ಚಳದ ಹಾಗೆ ಕೂತು ನೀರು ಗಾಳಿಯನ್ನು ತಡೆಯುತ್ತದೆ ಅಷ್ಟೇ. ಮಳೆಗೆ ನೆನೆಯುವ ಗೇಟಿಗೆ ಜಿಂಕ್ ಫಾಸ್ಫೇಟ್ ಪ್ರೈಮರ್ ಮೇಲು, ಅದು ತುಕ್ಕಿನ ಕ್ರಿಯೆಯನ್ನೇ ನಿಧಾನ ಮಾಡುತ್ತದೆ. ರೆಡ್ ಆಕ್ಸೈಡ್ ಹೊಡೆದು ತಿಂಗಳುಗಟ್ಟಲೆ ಹಾಗೇ ಬಿಟ್ಟ ಗೇಟುಗಳನ್ನು ನೋಡಿರುತ್ತೀರಿ. ಮೇಲೆ ಎನಾಮೆಲ್ ಇಲ್ಲದಿದ್ದರೆ ಪ್ರೈಮರ್ ಒಂದೇ ಮಳೆ ತಡೆಯೋದಿಲ್ಲ, ಅದರಡಿಯಲ್ಲೇ ತುಕ್ಕು ಬೆಳೆಯುತ್ತದೆ. ಬೆಸುಗೆ ಹಾಕಿದ ಜಾಗ, ಚೂಪು ಅಂಚುಗಳಿಗೆ ಬ್ರಷ್ಷಿನಿಂದ ಒಂದು ಕೈ ಜಾಸ್ತಿ ಕೊಡಿ. ಅಂಚಿನಲ್ಲಿ ಬಣ್ಣ ತೆಳುವಾಗಿ ಹಿಂದೆ ಸರಿಯುತ್ತದೆ, ತುಕ್ಕು ಶುರುವಾಗೋದೂ ಅಲ್ಲೇ.

ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡು, ಪೈಪಿನ ಮೇಲೆ ಆಯಿಲ್ ಪೇಂಟ್ ನೇರವಾಗಿ ಬೇಡವೇ ಬೇಡ. ಮೇಲಿನ ಸತುವಿನ ಪದರ ಎಣ್ಣೆಯ ಜೊತೆ ಸೇರಿ ಅಲ್ಲೂ ಸಾಬೂನೇ ಆಗುತ್ತದೆ. ಹೊಡೆದಾಗ ಚಂದ ಇರುತ್ತದೆ, ಒಂದು ವರ್ಷಕ್ಕೆ ಹಾವಿನ ಪೊರೆಯ ಹಾಗೆ ಕಳಚುತ್ತದೆ. ಜಿಡ್ಡು ತೊಳೆದು, ಜಿಐಗೆಂದೇ ಇರುವ, ಲೋಹದ ಮೈಯನ್ನು ಸ್ವಲ್ಪ ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಅಥವಾ ಅದಕ್ಕೆ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದ ಅಕ್ರಿಲಿಕ್ ಬಳಸಿ. ಅಲ್ಯೂಮಿನಿಯಂಗೂ ಎಚ್ ಪ್ರೈಮರೇ.

ಮರ

ಮರ ಒಣಗಿರಬೇಕು, ತೇವಾಂಶ 15 ಶೇಕಡಾಕ್ಕಿಂತ ಕಮ್ಮಿ. ಹಸಿ ಮರಕ್ಕೆ ಬಣ್ಣ ಹೊಡೆದರೆ ಅದು ಒಣಗುತ್ತಾ ಕುಗ್ಗಿದಾಗ ಬಣ್ಣ ಸೀಳುತ್ತದೆ. ಉಪ್ಪುಕಾಗದವನ್ನು ಎಳೆಯ ಉದ್ದಕ್ಕೇ ಆಡಿಸಿ, ಅಡ್ಡ ಉಜ್ಜಿದ ಗೀರುಗಳು ಪಾಲಿಶ್ ಹಾಕಿದ ಮೇಲೆ ಎದ್ದು ಕಾಣುತ್ತವೆ. 120ರಲ್ಲಿ ಶುರು ಮಾಡಿ 180, 220ಕ್ಕೆ ಹೋಗಿ. ಗಂಟುಗಳಿಗೆ ಮೊದಲು ಶೆಲ್ಲಾಕ್ ಹಚ್ಚಿ, ಇಲ್ಲವಾದರೆ ಅಂಟುರಸ ಬಣ್ಣದಿಂದ ಹೊರಗೆ ಬರುತ್ತದೆ. ಬಾಗಿಲಿನ ಮೇಲಂಚು, ಕೆಳಅಂಚು ಯಾರಿಗೂ ಕಾಣೋದಿಲ್ಲ ಎಂದು ಎಲ್ಲರೂ ಬಿಡುತ್ತಾರೆ. ನೀರು ಹೀರೋದು ಜಾಸ್ತಿ ಅಲ್ಲೇ, ಮಳೆಗಾಲದಲ್ಲಿ ಬಾಗಿಲು ಬಿಗಿಯೋದಕ್ಕೆ ಅರ್ಧ ಕಾರಣ ಅದು. ಸಾಧ್ಯವಾದರೆ ಬಾಗಿಲು ನಿಲ್ಲಿಸುವ ಮೊದಲೇ ಆ ಅಂಚಿಗೆ ಹೊಡೆಯಿರಿ.

ಮರದ ಎಳೆ ಕಾಣಬೇಕು ಅಂದರೆ ವಾರ್ನಿಷ್, ಪಿಯು (ಪಾಲಿಯುರೆಥೇನ್), ಮೆಲಮೈನ್ ಅಥವಾ ಎಣ್ಣೆ. ಮೆಲಮೈನ್ ಒಳಗಿನ ಪೀಠೋಪಕರಣಕ್ಕೆ ಗಟ್ಟಿ, ಹೊರಗೆ ಆಗೋದಿಲ್ಲ. ಪಿಯು ಒಳಗಿನದು ಬೇರೆ, ಹೊರಗಿನದು ಬೇರೆ, ಡಬ್ಬಿ ನೋಡಿಯೇ ತನ್ನಿ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ತಿಳಿ ವಾರ್ನಿಷ್ ದಾಟಿ ಮರವನ್ನೇ ಸುಡುತ್ತದೆ, ಆಮೇಲೆ ವಾರ್ನಿಷ್ ಹಿಡಿಯೋಕೆ ಏನೂ ಇಲ್ಲದೆ ಸುಲಿಯುತ್ತದೆ. ಬಿಸಿಲು ಮಳೆಗೆ ನೇರವಾಗಿ ನಿಂತ ಮರಕ್ಕೆ ನಾನಾದರೆ ಪದರ ಕಟ್ಟುವ ವಾರ್ನಿಷ್ ಬದಲು ಒಳಗಿಳಿಯುವ ಬಣ್ಣದ ಸ್ಟೇನ್ ಹಾಕುತ್ತೇನೆ. ಅದು ಸುಲಿಯೋದಿಲ್ಲ, ಮಾಸುತ್ತದೆ, ಮಾಸಿದಾಗ ತೊಳೆದು ಇನ್ನೊಂದು ಕೈ ಹಾಕಿದರೆ ಆಯಿತು.

ಅಗಸೆ ಎಣ್ಣೆ ಅಥವಾ ಅದನ್ನು ಸೇರಿಸಿದ ಪಾಲಿಶ್ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

ಬಾಗಿಲು ಕಿಟಕಿಗೆ ಬಿಳಿ ಎನಾಮೆಲ್ ಹೊಡೆಯೋರಿಗೆ ಒಂದು ಕಿವಿಮಾತು. ಎಣ್ಣೆಯ ಬಿಳಿ ಬೆಳಕು ಬೀಳದ ಕಡೆ ಹಳದಿಗೆ ತಿರುಗುತ್ತದೆ, ಕಪಾಟಿನ ಒಳಗಂತೂ ಬೇಗ. ಬಿಳಿ ಬಿಳಿಯಾಗೇ ಉಳಿಯಬೇಕಾದರೆ ನೀರಿನ ಎನಾಮೆಲ್ ತನ್ನಿ, ವಾಸನೆಯೂ ಕಮ್ಮಿ. ಅಡಿಯಲ್ಲಿ ಹಳೇ ಆಯಿಲ್ ಪೇಂಟ್ ಇದ್ದರೆ ಹೊಳಪು ಪೂರ್ತಿ ಸಾಯುವವರೆಗೆ ಉಜ್ಜಿ, ಬಾಂಡಿಂಗ್ ಪ್ರೈಮರ್ ಹಾಕಿದ ಮೇಲೇ ಅದು.

ಯಾವುದರ ಮೇಲೆ ಯಾವುದು ಕೂರೋದಿಲ್ಲ

ಮೆತ್ತಗಿನ ಎಮಲ್ಷನ್ ಮೇಲೆ ಗಡಸು ಎನಾಮೆಲ್ ಹೊಡೆದರೆ ಅಡಿಯದು ಹಿಗ್ಗಿ ಕುಗ್ಗುವಾಗ ಮೇಲಿನದು ಬಿರಿಯಬಹುದು. ಎನಾಮೆಲ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರಿನ ಲ್ಯಾಕರ್, ಅಂದರೆ ಬೇಗ ಒಣಗುವ ಗಟ್ಟಿ ವಾರ್ನಿಷ್, ಬಿದ್ದರೆ ಅಡಿಯದು ಸುಕ್ಕುಗಟ್ಟಿ ಏಳುತ್ತದೆ. ಡಾಂಬರಿನ ಕಪ್ಪು ಪೇಂಟಿನ ಮೇಲೆ ಏನು ಹೊಡೆದರೂ ಕಂದು ಕಲೆ ಮೇಲೆ ಬರುತ್ತದೆ. ಎಪಾಕ್ಸಿ ನೆಲಕ್ಕೆ, ಗ್ಯಾರೇಜಿಗೆ ಕಲ್ಲಿನಂತೆ ಗಟ್ಟಿ, ಆದರೆ ಬಿಸಿಲಿಗೆ ಬಿಟ್ಟರೆ ಪುಡಿ ಬಿಡುತ್ತದೆ, ಹೊರಗೆ ಬೇಕಾದರೆ ಮೇಲೆ ಪಿಯು ಹೊದಿಕೆ ಬೇಕು. ಎಪಾಕ್ಸಿ ಎರಡು ಡಬ್ಬಿಯದು, ಕಲೆಸಿದ ಮೇಲೆ ಇಷ್ಟೇ ಹೊತ್ತು ಎಂದು ಲೆಕ್ಕ ಇರುತ್ತದೆ, ಹಾಗಾಗಿ ಬೇಕಾದಷ್ಟನ್ನೇ ಕಲೆಸಿ.

ಹಳೇ ಮನೆಯಾದರೆ ಇನ್ನೊಂದು ಎಚ್ಚರಿಕೆ. ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಒಳಗಡೆಯ ಕೆಲಸಕ್ಕೆ ಬಿಳಿ ಸೀಸ ಬೇಡ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ತಂದದ್ದು 1921ರಲ್ಲಿ, ಅಮೆರಿಕ ಮನೆಯ ಬಣ್ಣದಲ್ಲಿ ಸೀಸ ನಿಷೇಧಿಸಿದ್ದು 1978ರಲ್ಲಿ. ಅಷ್ಟು ನಿಧಾನ. ಅಂಥ ಬಣ್ಣವನ್ನು ಒಣದಾಗಿ ಉಜ್ಜಬೇಡಿ, ಸುಡಬೇಡಿ, ಧೂಳು ಚಿಕ್ಕ ಮಕ್ಕಳ ಮಿದುಳಿಗೆ ಕೆಟ್ಟದ್ದು. ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ. ಗಟ್ಟಿಯಾಗಿದ್ದರೆ ಕೆದಕದೆ ಮೇಲೆ ಮುಚ್ಚೋದೇ ಸರಿ. ಹೊಸ ಡಬ್ಬಿಯಲ್ಲಿ ಸೀಸ ದಶಲಕ್ಷಕ್ಕೆ 90 ಭಾಗಕ್ಕಿಂತ ಕಮ್ಮಿ ಎಂದು ಬರೆದಿದೆಯೇ ನೋಡಿ.

ಎಷ್ಟು ತರಬೇಕು, ಹೇಗೆ ಹೊಡೆಯಬೇಕು

ನಯವಾದ, ಪ್ರೈಮರ್ ಆದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಒಂದು ಕೈಗೆ ಸುಮಾರು 10 ಚದರ ಮೀಟರ್, ಅಂದರೆ ನೂರು ಚದರ ಅಡಿಗೆ ಸ್ವಲ್ಪ ಜಾಸ್ತಿ ಬರುತ್ತದೆ ಎಂದು ಇಟ್ಟುಕೊಳ್ಳಿ. ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ ಇದ್ದರೆ ನಾಲ್ಕು ಗೋಡೆ ಸೇರಿ 42 ಚದರ ಮೀಟರ್. ಬಾಗಿಲು ಕಿಟಕಿಗೆ 4 ಕಳೆದರೆ 38. ಎರಡು ಕೈಗೆ 76, ಅಂದರೆ ಏಳೂವರೆ ಎಂಟು ಲೀಟರ್. ಚಾವಣಿ 12 ಚದರ ಮೀಟರ್, ಎರಡು ಕೈಗೆ ಎರಡೂವರೆ ಲೀಟರ್. ಒರಟು ಗೋಡೆ ಇದಕ್ಕಿಂತ ಜಾಸ್ತಿ ಕುಡಿಯುತ್ತದೆ. ಬೇಕಾದ್ದನ್ನೆಲ್ಲ ಒಂದೇ ಸಲ, ಒಂದೇ ಬ್ಯಾಚಿನದು ತನ್ನಿ. ಬೇರೆ ಬೇರೆ ಡಬ್ಬಿಯದನ್ನು ದೊಡ್ಡ ಬಕೆಟ್ಟಿಗೆ ಸುರಿದು ಕಲೆಸಿಕೊಂಡರೆ ಗೋಡೆಯ ನಡುವೆ ಬಣ್ಣ ಬದಲಾಗೋದಿಲ್ಲ.

ಶೇಡ್ ಕಾರ್ಡಿನ ಚಿಕ್ಕ ಚೌಕ ನೋಡಿ ತೀರ್ಮಾನ ಮಾಡಬೇಡಿ. ಸಣ್ಣ ಡಬ್ಬಿ ತಂದು ದೊಡ್ಡ ರಟ್ಟಿನ ಮೇಲೆ ಎರಡು ಕೈ ಹೊಡೆದು, ಅದನ್ನು ಬೆಳಿಗ್ಗೆ ಒಂದು ಗೋಡೆಗೆ, ಸಂಜೆ ಇನ್ನೊಂದಕ್ಕೆ, ರಾತ್ರಿ ದೀಪದ ಕೆಳಗೆ ಇಟ್ಟು ನೋಡಿ. ಹಗಲು ಬೂದು ಅನಿಸಿದ್ದು ರಾತ್ರಿ ಹಸಿರಾಗಿ ಕಾಣೋದು ಮಾಮೂಲಿ.

ನೀರು ಎಷ್ಟು ಬೆರೆಸಬೇಕು ಎಂದು ಡಬ್ಬಿಯ ಮೇಲೇ ಇರುತ್ತದೆ, ಅದನ್ನು ಮೀರಿದರೆ ಬಣ್ಣ ಜಾಸ್ತಿ ಬಂದ ಹಾಗೆ ಅನಿಸುತ್ತದೆ, ಆದರೆ ಗೋಡೆಯಲ್ಲಿ ಅಂಟು ಪುಡಿ ಎರಡೂ ಕಮ್ಮಿ ಕೂರುತ್ತವೆ. ಪೇಂಟರ್ ಕೆಲಸ ಮಾಡುತ್ತಿದ್ದರೆ ನೀವು ನಿಂತು ನೋಡಬೇಕಾದ ಒಂದೇ ಜಾಗ ಈ ಬಕೆಟ್. ಹವೆ 10ರಿಂದ 35 ಡಿಗ್ರಿಯೊಳಗೆ ಇರಲಿ, ಗಾಳಿಯ ತೇವ 85 ಶೇಕಡಾ ದಾಟದಿರಲಿ, ಉರಿಬಿಸಿಲು ಬೀಳುತ್ತಿರುವ ಗೋಡೆಗೆ ಹೊಡೆಯಬೇಡಿ, ಬ್ರಷ್ ಎಳೆಯೋದರೊಳಗೆ ಒಣಗಿ ಗೆರೆ ಬೀಳುತ್ತದೆ. ಎರಡು ಕೈಗಳ ನಡುವೆ ಎಮಲ್ಷನ್ನಿಗೆ ನಾಲ್ಕಾರು ಗಂಟೆ ಬಿಡಿ, ಎನಾಮೆಲ್ಲಿಗೆ ಒಂದು ರಾತ್ರಿ. ನೀರಿನ ಬಣ್ಣಕ್ಕೆ ನೈಲಾನ್ ಎಳೆಯ ಬ್ರಷ್, ಎಣ್ಣೆಯದಕ್ಕೆ ಪ್ರಾಣಿಗಳ ರೋಮದ ಬ್ರಷ್. ರೋಮ ನೀರು ಕುಡಿದು ಜೋತುಬೀಳುತ್ತದೆ.

ಮುಟ್ಟಿದರೆ ಒಣಗಿದೆ ಅನಿಸಿದರೂ ಎಮಲ್ಷನ್ ಪೂರ್ತಿ ಗಟ್ಟಿಯಾಗೋಕೆ ಎರಡರಿಂದ ನಾಲ್ಕು ವಾರ ಬೇಕು. ಅಷ್ಟರವರೆಗೆ ಉಜ್ಜಿ ತೊಳೆಯಬೇಡಿ, ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ.

ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಯಾಗಿ ಮುಚ್ಚಿ, ಮೇಲೆ ಕೋಣೆಯ ಹೆಸರು, ಶೇಡ್ ನಂಬರ್, ತಾರೀಕು ಬರೆದಿಡಿ. ವರ್ಷದ ಮೇಲೆ ಯಾವುದಾದರೂ ಗೀರು ಮುಚ್ಚಬೇಕಾದರೆ ಗೀರಿನ ಮೇಲೆ ಮಾತ್ರ ಬಳಿಯಬೇಡಿ, ಹಳೇ ಬಣ್ಣ ಅಷ್ಟರಲ್ಲಿ ಮಾಸಿರುತ್ತದೆ, ತೇಪೆ ಕಾಣುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಆ ಗೋಡೆಗೆ ಪೂರ್ತಿ ಹೊಡೆಯಿರಿ.